ಅರುಂಧತಿ ಕಾಣದ ಆರು ತಿಂಗಳು

ಮೊಮ್ಮಗು ಹುಟ್ಟುವುದಕ್ಕೆ ಏಳು ತಿಂಗಳು ಮೊದಲೇ ನಾನು ಅಜ್ಜಿಯಾಗಿಬಿಟ್ಟಿದ್ದೆ. ಮಗಳ ಇನ್‌ಲ್ಯಾಂಡ್ ಪತ್ರ ಬಂದದ್ದು ಬೆಳಿಗ್ಗೆ ಹತ್ತಕ್ಕೆ. ಹನ್ನೊಂದರ ಒಳಗೆ ಮುಲುಂಡ್‌ನ ನಮ್ಮ ಬಿಲ್ಡಿಂಗಿನ ಮೂರೂ ಮಾಳಿಗೆಗೆ ಸುದ್ದಿ ಮುಟ್ಟಿತ್ತು. ನಾನು ಕಲಿತದ್ದು ಮೂರನೆಯ ಇಯತ್ತೆ. ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುವವಳು. ಅವತ್ತು ಮಾತ್ರ ಒಂದೇ ಉಸಿರಿಗೆ ಓದಿದೆ. ಎರಡು ತಿಂಗಳಾಗಿದೆಯಂತೆ, ನವೆಂಬರ್ ಕೊನೆಗೆ ದಿನ ಕೊಟ್ಟಿದ್ದಾರಂತೆ, ಏಳರಲ್ಲಿ ಪುಣೆಯಿಂದ ನನ್ನ ಹತ್ತಿರ ಬರುತ್ತಾಳಂತೆ. ಮಧ್ಯಾಹ್ನದ ಹಾಲಿನ ಭೈಯಾ ಬಾಗಿಲು ಬಡಿದ. "ಭೈಯಾ, ಹಮ್ ನಾನಿ ಬನ್ ಗಯಾ!" ಎಂದು ಕೂಗಿದೆ. "ಬನ್ ಗಯೀ, ಮಾತಾಜಿ" ಎಂದು ತಿದ್ದಿ, ಖುಷಿಗೆ ಒಂದು ಸೌಟು ಹಾಲು ಹೆಚ್ಚಿಗೆ ಸುರಿದು ಹೋದ.

ನಮ್ಮ ವಿಜಾಪುರದ ಕಡೆ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಬಾಣಂತನ ಹೆತ್ತವ್ವನ ಹಕ್ಕು. ಕೂಸಿಗೆ ಎರೆಯುವುದು, ಬಾಣಂತಿಗೆ ಎಣ್ಣೆ ತಿಕ್ಕುವುದು, ತಿನ್ನುವ ಗೋಂದು ಹುರಿದು ಅಂಟಿನ ಉಂಡಿ ಕಟ್ಟುವುದು, ಮೂರು ತಿಂಗಳು ಅವಳ ಅಂಗಾಲಿಗೆ ತಣ್ಣನೆಯ ನೆಲ ತಾಗದಂತೆ ಕಾಯುವುದು. ನನಗಿದ್ದವಳು ಒಬ್ಬಳೇ ಮಗಳು. ಅವಳ ಅತ್ತೆ ತೀರಿಕೊಂಡು ವರ್ಷಗಳಾಗಿದ್ದವು. ನಾನು ಮಾಡಿದರೆ ಬಾಣಂತನ, ಇಲ್ಲದಿದ್ದರೆ ಮಾಡುವವರೇ ಇಲ್ಲ. ನಲವತ್ತೆಂಟು ವರ್ಷದ ಈ ಎರಡು ಕೈಗಳು ಅದಕ್ಕಾಗಿಯೇ ಬೆಳೆದಿವೆ ಎನ್ನುವ ಹಾಗೆ ನಾನು ಅವನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡೆ.

ಅದೇ ವಾರ ಸಯನ್‌ನಲ್ಲಿ ನಮ್ಮ ಕಡೆಯವರದೊಂದು ಮದುವೆ. ಯುದ್ಧದ ಬ್ಲ್ಯಾಕೌಟು ಕಳೆದು ಒಂದೆರಡು ವರ್ಷವಾಗಿತ್ತು. ಹಾಲ್‌ನ ಗಾಜುಗಳ ಮೇಲೆ ಕಂದು ಕಾಗದದ ತುಣುಕುಗಳು ಇನ್ನೂ ಅಂಟಿಕೊಂಡಿದ್ದವು. ಗೋಧೂಳಿ ಲಗ್ನ. ಅಕ್ಕಿಕಾಳು ಬಿದ್ದು, ಸಪ್ತಪದಿ ಮುಗಿಯುವಷ್ಟರಲ್ಲಿ ಕತ್ತಲಾಗಿತ್ತು. ಹಗಲು ಮದುವೆಯಲ್ಲಿ ಭಟ್ಟರು ಬಿಸಿಲಿನ ಕಡೆ ಕೈ ಮಾಡಿ "ಅರುಂಧತಿ ನೋಡಮ್ಮ" ಅನ್ನುತ್ತಾರೆ, ಹುಡುಗಿ "ನೋಡಿದೆ" ಅನ್ನುತ್ತಾಳೆ, ಅಲ್ಲಿಗೆ ಮುಗಿಯಿತು. ಇದು ಹಾಗಲ್ಲ. ಭಟ್ಟರು ಮದುಮಕ್ಕಳನ್ನು ನಿಜವಾಗಿಯೂ ಟೆರೇಸಿಗೆ ಹತ್ತಿಸಿದರು. ಸಪ್ತರ್ಷಿಗಳ ಬಾಲದಲ್ಲಿ ನಡುವಿನವನು ವಸಿಷ್ಠ, ಅವನಿಗೆ ಅಂಟಿಕೊಂಡಂತಿರುವ ಸಣ್ಣ ಚುಕ್ಕೆ ಅರುಂಧತಿ. ಹುಡುಗಿ ಕಂಡಳು, ಹುಡುಗ ಕಂಡ. ಹುಡುಗಿಯ ಅಜ್ಜಿ, ಎಪ್ಪತ್ತು ದಾಟಿದ ಬೊಚ್ಚುಬಾಯಿಯ ಮುದುಕಿ, ನನ್ನ ತೋಳು ಗಟ್ಟಿಯಾಗಿ ಹಿಡಿದು ಆಕಾಶ ನೋಡುತ್ತಿದ್ದವಳು ಒಮ್ಮೆಲೇ ಕುಣಿದಳು.

"ಯವ್ವಾ, ಕಂಡ್ಳು ನನಗ! ಇನ್ನ ಆರ ತಿಂಗಳ ಚಿಂತಿ ಇಲ್ಲ ಬಿಡ. ನಿನಗ ಕಂಡ್ಳಿಲ್ಲೊ?"

ಕಂಡಳು ಎಂದೆ. ಕಂಡಿರಲಿಲ್ಲ. ವಸಿಷ್ಠ ಒಬ್ಬನೇ ಕೂತಿದ್ದ, ಪಕ್ಕದಲ್ಲಿ ಯಾರೂ ಇಲ್ಲ.

ಅರುಂಧತಿ ಕಾಣದವರ ಆಯುಷ್ಯ ಆರು ತಿಂಗಳು ಎಂದು ನನ್ನ ಅವ್ವನೂ ಹೇಳುತ್ತಿದ್ದಳು. ಸಣ್ಣವಳಿದ್ದಾಗ ನಾವು ಮಾಳಿಗೆಯ ಮೇಲೆ ಮಲಗಿ "ನನಗ ಕಂಡ್ಳು, ನನಗೂ ಕಂಡ್ಳು" ಎಂದು ಒದರಿ ನಿದ್ದೆ ಹೋಗುತ್ತಿದ್ದೆವು. ಆಗ ಆರು ತಿಂಗಳು ಯಾರಿಗೆ ಬೇಕಾಗಿತ್ತು? ಈಗ ಸಯನ್ ಸ್ಟೇಷನ್ನಿನಿಂದ ಲೋಕಲ್ ಹಿಡಿದು ಮುಲುಂಡ್‌ಗೆ ಬರುವವರೆಗೂ ಸೆರಗಿನ ಒಳಗೆ ಬೆರಳು ಎಣಿಸಿದೆ. ಏಪ್ರಿಲ್ ಕೊನೆ. ಮೇ, ಜೂನ್, ಜುಲೈ, ಆಗಸ್ಟ್, ಸಪ್ಟೆಂಬರ್, ಅಕ್ಟೋಬರ್. ಅಲ್ಲಿಗೆ ಆರು. ಕೂಸು ಬರುವುದು ನವೆಂಬರ್ ಕೊನೆಗೆ. ಕುರ್ಲಾದಲ್ಲಿ ಎಣಿಸಿದರೂ ಅಷ್ಟೇ, ಘಾಟ್‌ಕೋಪರ್‌ನಲ್ಲಿ ಎಣಿಸಿದರೂ ಅಷ್ಟೇ. ಒಂದು ತಿಂಗಳು ಸಾಲದು! ಸಾಯುವುದಕ್ಕೆ ನನ್ನದೇನೂ ತಕರಾರಿರಲಿಲ್ಲ. ಆದರೆ ಇಷ್ಟು ಹತ್ತಿರ ಬಂದು ಸಾಯುವುದೇ?

ಮನೆಗೆ ಬಂದವಳೇ ನಮ್ಮ ಯಜಮಾನರನ್ನು ಕೇಳಿದೆ. ಅವರಿಗೆ ಆಗ ಐವತ್ತಮೂರು. ವಿಕ್ರೋಳಿಯ ಕಾರ್ಖಾನೆಯೊಂದರಲ್ಲಿ ಲೇಥ್ ಮೇಲೆ ಕೆಲಸ. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಕಣ್ಣಿನಲ್ಲೇ ಹೇಳುತ್ತೇನೆಂದು ಜಂಬ.

"ಏನ್ರಿ, ನಿಮಗ ಅರುಂಧತಿ ಕಾಣತಾಳ?"

"ಕಾಣಲಾರದಕ್ಕ ಏನಾಗೇದ? ಢಾಳಾಗಿ ಕಾಣತಾಳ. ಕಂದೀಲ ಹಚ್ಚಿಟ್ಟಂಗ."

ಅಲ್ಲಿಗೆ ಖಾತ್ರಿಯಾಯಿತು. ಹೋಗುವವಳು ನಾನೊಬ್ಬಳೇ.

ಅತ್ತುಕೊಂಡು ಕೂರುವ ಜಾಯಮಾನ ನನ್ನದಲ್ಲ. ಕೈಯಲ್ಲಿ ಆರು ತಿಂಗಳಿದೆಯಲ್ಲ, ಅಷ್ಟರಲ್ಲಿ ಬಾಣಂತನಕ್ಕೆ ಒಬ್ಬರನ್ನು ತಯಾರು ಮಾಡಬೇಕು. ಮನೆಯಲ್ಲಿದ್ದವರು ಒಬ್ಬರೇ. ಮರುದಿನ ರವಿವಾರ, ಇವರು ಚಹಾ ಕುಡಿದು ಪೇಪರು ಬಿಡಿಸುತ್ತಿದ್ದಾಗ ಪೇಪರು ಕಿತ್ತುಕೊಂಡು, ನೆಲದ ಮೇಲೆ ಕಾಲು ಚಾಚಿ ಕೂರಿಸಿ, ಅವರ ಕಾಲುಗಳ ನಡುವೆ ಒಂದು ದಿಂಬು ಮಲಗಿಸಿದೆ.

"ಇದೇನಿದು?"

"ಕೂಸು. ಎರೀರಿ."

"ಏ, ನಿನ್ನ ತಲಿ ನೆಟ್ಟಗ ಅದನೋ ಇಲ್ಲೋ? ನಾ ಕಬ್ಬಣ ತಿರುವಾಂವ. ಕೂಸು ತಿರುವಾಂವ ಅಲ್ಲ."

"ಕಬ್ಬಣ ತಿರುವವರಿಗೆ ಕೂಸು ಹಗುರ. ಹಿಂಗ ಕುತ್ತಿಗಿ ಕೆಳಗ ಕೈ ಹಾಕ್ರಿ. ಅಯ್ಯ, ಹಂಗಲ್ಲ! ಕೂಸಿನ ಕುತ್ತಿಗಿ ಮುರದ್ರಿ."

"ದಿಂಬಿಗೆ ಕುತ್ತಿಗಿ ಎಲ್ಲೇದ, ತೋರಸು."

ನಾಲ್ಕು ರವಿವಾರ ಬಿಡಲಿಲ್ಲ. ದಿಂಬಿಗೆ ಎಣ್ಣೆ ಹಚ್ಚುವುದು, ಮೂಗು ತೀಡುವುದು, ಹೊಟ್ಟೆಯ ಮೇಲೆ ಮಲಗಿಸಿ ಬೆನ್ನಿಗೆ ನೀರು ಹೊಯ್ಯುವುದು, ಎಲ್ಲ ಕಲಿಸಿದೆ. ಅಂಟನ್ನು ತುಪ್ಪದಲ್ಲಿ ಹುರಿಯಲು ಕಲಿಸಿದೆ; ಮೊದಲ ಸಲ ಸುಟ್ಟರು, ಎರಡನೆಯ ಸಲ ಅರಳಿತು. ಅಂಟು ಪಟಪಟನೆ ಅರಳಿದಾಗ ಇವರ ಮುಖ ನೋಡಬೇಕಿತ್ತು. "ಏ, ಪಾಪಕಾರ್ನ್ ಆತಲ್ಲ ಇದು!" ಎಂದು ಸಣ್ಣ ಹುಡುಗನಂತೆ ಕಡಾಯಿಯ ಮೇಲೆ ಬಾಗಿದರು. ಯಾಕೆ ಕಲಿಸುತ್ತಿದ್ದೇನೆಂದು ಎಷ್ಟು ಕೇಳಿದರೂ ನಾನು ಹೇಳಲಿಲ್ಲ. ಮಗಳು ಬಸುರಾದ ಖುಷಿಗೆ ಹುಚ್ಚು ಹಿಡಿದಿದೆ ಎಂದುಕೊಂಡಿರಬೇಕು. ಅದರಲ್ಲೂ ಸುಳ್ಳಿಲ್ಲ. ಸಾಯುವ ದುಃಖ ಒಂದು ಕಡೆ, ಅಜ್ಜಿಯಾಗುವ ಖುಷಿ ಒಂದು ಕಡೆ. ಒಂದೇ ದಿನದಲ್ಲಿ ನಾಲ್ಕು ಸಲ ಅತ್ತು ಆರು ಸಲ ನಗುತ್ತಿದ್ದೆ.

ಮೇ ತಿಂಗಳಲ್ಲಿ ನಮ್ಮ ಟೆರೇಸು ಹೆಂಗಸರ ರಾಜ್ಯ. ಸಂಡಿಗೆ, ಹಪ್ಪಳ, ಶಾವಿಗೆ. ದಿನವೂ ಇಳಿಹೊತ್ತಿಗೆ ಒಣಗಿದ್ದನ್ನು ಡಬ್ಬಕ್ಕೆ ತುಂಬಿ, ಕತ್ತಲಾಗುವವರೆಗೂ ಅಲ್ಲೇ ನಿಂತು ಥಾಣೆಯ ದಿಕ್ಕಿಗೆ ಮುಖ ಎತ್ತಿ ವಸಿಷ್ಠನನ್ನು ದಿಟ್ಟಿಸುತ್ತಿದ್ದೆ. ಕಣ್ಣು ಕಿರಿದು ಮಾಡಿ, ಅಗಲ ಮಾಡಿ, ಒಂದು ಮುಚ್ಚಿ ಒಂದು ತೆರೆದು. ಅವನು ಒಬ್ಬನೇ ಒಬ್ಬ.

ಆ ಟೆರೇಸಿನಲ್ಲಿ ನನಗೊಬ್ಬ ವೈರಿಯೂ ಇದ್ದರು. ಎರಡನೆಯ ಮಾಳಿಗೆಯ ಮಂಗಳೂರಿನವರು. ಮೂವತ್ತು ವರ್ಷ ಹಡಗಿನಲ್ಲಿ ಚುಕ್ಕಾಣಿ ಹಿಡಿದು ನಿವೃತ್ತರಾದ ಒಂಟಿ ಮನುಷ್ಯ. ಚೋರ್ ಬಾಜಾರಿನಲ್ಲಿ ಸಿಕ್ಕ ಹಳೆಯ ಹಡಗಿನ ದುರ್ಬೀನೊಂದು ಅವರ ಹತ್ತಿರ ಇತ್ತು. ಏನು ಸಣ್ಣದೇ? ಎರಡು ಕೊಡಗಳ ಕಂಠ ಪಕ್ಕಪಕ್ಕ ಇಟ್ಟಂತೆ. ಎತ್ತಿದರೆ ವರ್ಷದ ಕೂಸಿನ ಭಾರ. ಕೈಯಲ್ಲಿ ಹಿಡಿದು ನೋಡುವುದು ಸಾಧ್ಯವೇ ಇಲ್ಲ. ಬಣ್ಣ ಬಳಿಯುವವರ ಮರದ ಏಣಿಯನ್ನು ಕಾಲು ಅಗಲಿಸಿ ನಿಲ್ಲಿಸಿ, ಅದರ ನಡುವೆ ಸೈಕಲ್ ಟ್ಯೂಬಿನಿಂದ ದುರ್ಬೀನನ್ನು ತೂಗುಹಾಕಿ, ಕೆಳಗೆ ಸ್ಟೂಲಿನ ಮೇಲೆ ಕೂತು ಮೇಲೆ ನೋಡುತ್ತಿದ್ದರು. ಎದುರಿನ ಬಿಲ್ಡಿಂಗಿನ ಕಿಟಕಿ ನೋಡುತ್ತಾರೆ ಎಂದು ಕೆಲವರಿಗೆ ಗುಮಾನಿ. ಕಿಟಕಿ ನೋಡುವವರು ಮುಖ ಆಕಾಶಕ್ಕೆ ಯಾಕೆ ಮಾಡುತ್ತಾರೆ ಎಂದು ಯಾರೂ ಕೇಳಲಿಲ್ಲ. ನನ್ನ ಜಗಳ ಬೇರೆ. ಒಂದು ಸಂಜೆ ಅವರ ಏಣಿಯ ಕಾಲು ನನ್ನ ಸಂಡಿಗೆಯ ಸೀರೆಯ ಮೇಲೆ ಊರಿತ್ತು. ಅವತ್ತು ನಾನು ಆಡಿದ ಮಾತು ಕೆಳಗಿನ ರಿಕ್ಷಾ ಸ್ಟ್ಯಾಂಡಿಗೂ ಕೇಳಿಸಿತ್ತಂತೆ. ಅಂದಿನಿಂದ ಅವರು ನನ್ನನ್ನು ಕಂಡರೆ ಏಣಿ ಎತ್ತಿಕೊಂಡು ಇನ್ನೊಂದು ಮೂಲೆಗೆ ಹೋಗುತ್ತಿದ್ದರು.

ಮೇ ಕೊನೆಯ ವಾರ. ಪಶ್ಚಿಮದ ಗುಡ್ಡಗಳ ಮೇಲೆ ಮೋಡ ಬರಲು ಶುರುವಾಗಿತ್ತು. ಅವತ್ತು ಅವರೇ ಆ ಮೂಲೆಯಿಂದ ಕೂಗಿದರು.

"ಅಕ್ಕ, ಬೈಯುದಿಲ್ಲ ಅಂದ್ರೆ ಒಂದು ಕೇಳ್ತೇನೆ. ದಿನಾ ಅಲ್ಲಿ ಎಂತ ಹುಡುಕುದು ನೀವು?"

ಒಂದು ತಿಂಗಳು ಗಂಡನ ಮುಂದೆ ಬಾಯಿ ಬಿಡದವಳು ವೈರಿಯ ಮುಂದೆ ಬಿಟ್ಟೆ. ಅರುಂಧತಿ, ಆರು ತಿಂಗಳು, ನವೆಂಬರ್, ಬಾಣಂತನ, ಎಲ್ಲ ಒಂದರ ಮೇಲೊಂದು. ಹೇಳುತ್ತ ಹೇಳುತ್ತ ಕಣ್ಣು ಮೂಗು ಎಲ್ಲ ಸೋರಿತು. ಅವರು ನಗಲಿಲ್ಲ. ಸ್ಟೂಲನ್ನು ಟವೆಲಿನಿಂದ ಒರೆಸಿದರು.

"ಬನ್ನಿ, ಕೂತ್ಕೊಳ್ಳಿ. ಬೇಗ. ಇನ್ನು ನಾಲ್ಕೈದು ದಿನಕ್ಕೆ ಮಳೆ ಹಿಡೀತದೆ. ಮಳೆ ಬಿಡುವಾಗ ಸಪ್ತರ್ಷಿ ಸಂಜೆಗೆ ಸಿಗುದಿಲ್ಲ."

ಅವರು ಏಣಿಯ ಕಾಲು ಜರುಗಿಸಿ, ಕೂತು, ಎದ್ದು, ಮತ್ತೆ ಜರುಗಿಸಿ ವಸಿಷ್ಠನನ್ನು ಹಿಡಿದರು. ನಾನು ಕಣ್ಣಿಟ್ಟೆ. ಎರಡು ಮಬ್ಬು ಮುದ್ದೆ ಕಂಡವು, ಹಿಟ್ಟಿನ ಉಂಡೆಗಳ ಹಾಗೆ.

"ಒಂದೊಂದೇ ಕಣ್ಣು. ಮೊದ್ಲು ಬಲದ್ದು ಮುಚ್ಚಿ. ಎಡದ ಕೊಳವೆಯಲ್ಲಿ ಈ ಬಳೆ ತಿರುಗಿಸಿ, ನಕ್ಷತ್ರ ಸಾಸಿವೆ ಆಗುವವರೆಗೆ. ಆಯ್ತಾ? ಈಗ ಬಲದ್ದು. ಏಣಿ ಮುಟ್ಬೇಡಿ ಅಕ್ಕ, ನೀವು ಮುಟ್ಟಿದ್ರೆ ಅವ ಕುಣೀತಾನೆ."

"ನಾ ಮುಟ್ಟಿಲ್ಲ. ಆದ್ರೂ ಕುಣಿಯಾಕತ್ತಾನ."

"ಲೋಕಲ್ ಹೋಗ್ತಾ ಉಂಟು ಕೆಳಗೆ. ಅದು ಹೋಗ್ಲಿ. ಕಾಯಿರಿ. ಕಾಯುದೇ ಇದ್ರಲ್ಲಿ ಕೆಲಸ."

ಲೋಕಲ್ ಹೋಯಿತು. ಬಿಲ್ಡಿಂಗಿನ ನಡುಕ ನಿಂತಿತು, ದುರ್ಬೀನಿನ ನಡುಕ ನಿಂತಿತು, ಕೊನೆಗೆ ನನ್ನದೂ ನಿಂತಿತು. ಆಮೇಲೆ ಅವಳು ಬಂದಳು. ಬಂದಳು ಎಂದರೆ ಅಲ್ಲೇ ಇದ್ದಳು. ವಸಿಷ್ಠನ ಬಲಕ್ಕೆ, ಒಂದಿಷ್ಟು ಕೆಳಗೆ, ಸೂಜಿಮೊನೆಯಿಂದ ಚುಚ್ಚಿದಷ್ಟು ಚೊಕ್ಕಟವಾಗಿ, ಬೆಳ್ಳಗೆ. ಎಷ್ಟು ದೂರ ಕೂತಿದ್ದಳು! ಅಂಟಿಕೊಂಡೇ ಇಲ್ಲ, ಇಬ್ಬರ ನಡುವೆ ಒಂದು ಹಾಸಿಗೆ ಹಾಸಬಹುದು. ನಾನು ಚೀರಬೇಕು ಎನ್ನುವಷ್ಟರಲ್ಲಿ ಇನ್ನೊಂದು ಕಂಡಿತು. ವಸಿಷ್ಠ ಎಂದುಕೊಂಡ ಆ ಚುಕ್ಕೆಯ ಮೈಗೇ ತಾಗಿಕೊಂಡು, ಮೇಲುಗಡೆ, ಮತ್ತೊಂದು ಸಣ್ಣ ಚುಕ್ಕೆ. ನಡುವೆ ಕೂದಲೆಳೆಯಷ್ಟು ಕಪ್ಪು.

"ಅಣ್ಣಾರ, ಇಲ್ಲಿ ಮೂರ ಮಂದಿ ಅದಾರ!"

"ಹೌದಲ್ಲ. ವಸಿಷ್ಠ ಒಬ್ಬ ಅಲ್ಲ, ಅವನೇ ಜೋಡಿ. ಬರಿಗಣ್ಣಿಗೆ ಯಾರಿಗೂ ಕಾಣುದಿಲ್ಲ. ಇದ್ರಲ್ಲಿ ನೋಡಿದ್ರೆ ಮಾತ್ರ."

"ಅಂದ್ರ ಅರುಂಧತಿಗೆ ಸವತಿ?"

"ಅದು ನಂಗೆ ಗೊತ್ತಿಲ್ಲ ಮಾರಾಯ್ರೆ. ನಾನು ಆ ಮದುವೆಗೆ ಹೋಗ್ಲಿಲ್ಲ."

ನನಗೆ ನಗು ಬಂತು ನೋಡಿ! ಸ್ಟೂಲಿನಿಂದ ಕೆಳಗೆ ಜಾರುವಷ್ಟು ನಗು. ಪ್ರತಿ ಮದುವೆಯಲ್ಲೂ ಯಾವ ಸಂಸಾರದತ್ತ ಕೈ ತೋರಿಸಿ "ಹೀಗಿರಿ" ಎನ್ನುತ್ತಾರೋ, ಆ ಸಂಸಾರದೊಳಗೆ ಇಷ್ಟೆಲ್ಲ ಇದೆ! ಅವರು ಏಣಿ ತಿರುಗಿಸಿ, ಸಪ್ತರ್ಷಿಗಳ ಬಾಲದ ಹತ್ತಿರದ ಇನ್ನೊಂದು ಜೋಡಿಯನ್ನು ತೋರಿಸಿದರು: ದೊಡ್ಡದೊಂದು, ಅದರ ಬಗಲಿಗೆ ಚಿಕ್ಕದೊಂದು, ಥೇಟು ಕೂಸು ಎತ್ತಿಕೊಂಡ ತಾಯಿ. ಅವರ ಹತ್ತಿರ ಒಂದು ನೋಟುಬುಕ್ ಇತ್ತು. ಹಡಗು ಬಿಟ್ಟ ಮೇಲೆ ಹೀಗೆ ಬಿಡಿಸಿ ನೋಡಿದ ನಲವತ್ತಕ್ಕೂ ಹೆಚ್ಚು ಜೋಡಿಗಳ ಚಿತ್ರ, ಬಣ್ಣ, ಯಾವುದು ಯಾವ ಬದಿಗೆ, ಎಲ್ಲ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದರು. ಒಂಟಿ ಮನುಷ್ಯ, ಜೋಡಿಗಳ ಪುಸ್ತಕ!

ಆದರೆ ಮೆಟ್ಟಿಲು ಇಳಿಯುವಾಗ ಅನುಮಾನ ಹೊಕ್ಕಿತು. ತಿರುಗಿ ಹತ್ತಿದೆ.

"ಅಣ್ಣಾರ, ದುರ್ಬೀನಿನಾಗ ಕಂಡದ್ದು ನಡೀತದೇನು? ನಮ್ಮವ್ವ ಹೇಳಿದ್ದು ಬರಿಗಣ್ಣಿಂದು."

"ಕನ್ನಡಕ ಹಾಕಿ ಪತ್ರ ಓದಿದ್ರೆ ಅದು ಓದಿದ್ದಲ್ವಾ?"

"ಪತ್ರ ಬ್ಯಾರೆ, ಆಯುಷ್ಯ ಬ್ಯಾರೆ."

ಮೂವತ್ತು ವರ್ಷ ಸಮುದ್ರ ದಾಟಿಸಿದವರು ನನ್ನನ್ನು ದಾಟಿಸಲಾಗದೆ ಕೂತರು. ನಮ್ಮ ಯಜಮಾನರು ಅಷ್ಟರಲ್ಲಿ ಊಟಕ್ಕೆ ಹುಡುಕುತ್ತ ಮೇಲೆ ಬಂದರು. ವೈರಿಯ ಸ್ಟೂಲಿನ ಪಕ್ಕದಲ್ಲಿ ನಾನು ನಿಂತದ್ದು ಕಂಡು ಬಾಗಿಲಲ್ಲೇ ನಿಂತರು.

"ಇದೇನು, ಮತ್ತ ಸಂಡಿಗಿ ತುಳದ್ರೇನು?"

ಮಂಗಳೂರಿನವರಿಗೆ ಏನೋ ಹೊಳೆಯಿತು. "ಬನ್ನಿ ಅಣ್ಣ, ಬನ್ನಿ. ನಿಮಗೆ ಅರುಂಧತಿ ಬರಿಗಣ್ಣಿಗೆ ಕಾಣ್ತದಂತೆ. ಅಕ್ಕ ಹೇಳಿದ್ರು. ಯಾವ ಬದಿಗೆ ಉಂಟು, ಒಮ್ಮೆ ತೋರ್ಸಿ ನೋಡುವ."

ಇವರು ಸೊಂಟಕ್ಕೆ ಕೈಯಿಟ್ಟು, ಕಾರ್ಖಾನೆಯ ಸಾಹೇಬರು ತಪಾಸಣೆಗೆ ಬಂದಂತೆ ಆಕಾಶ ನೋಡಿದರು. "ಅಲ್ಲೇ, ಎಡಕ್ಕ. ಒಂದೀಟ ಮ್ಯಾಲ. ಕಂದೀಲ ಹಚ್ಚಿಟ್ಟಂಗ ಅದಾಳಲ್ಲ."

"ಎಡಕ್ಕಾ?"

"ಎಡಕ್ಕ."

"ಅಣ್ಣ, ಅಲ್ಲಿ ಎಂತದೂ ಇಲ್ಲ."

ನಾನು ಈಗಷ್ಟೇ ಕಂಡು ಬಂದವಳು. ಬಲಕ್ಕೆ, ಕೆಳಗೆ. "ಏನ್ರಿ," ಎಂದೆ, "ನನ್ನ ಮುಖ ನೋಡಿ ಹೇಳ್ರಿ. ಕಾಣತಾಳೋ, ಇಲ್ಲೋ?"

ಇವರು ನನ್ನ ಮುಖ ಬಿಟ್ಟು ಎಲ್ಲ ಕಡೆ ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ, "ಕಾಣವಲ್ಲಳು" ಎಂದರು.

"ಯಾವಾಗಿಂದ?"

"ಹತ್ತ ವರ್ಷ ಆಗಿರಬೇಕು."

ಹತ್ತು ವರ್ಷ! ಆರು ತಿಂಗಳಲ್ಲ, ಹತ್ತು ವರ್ಷ! ದಿನಕ್ಕೆ ನಾಲ್ಕು ಜೋಳದ ರೊಟ್ಟಿ ತಿಂದುಕೊಂಡು, ವಿಕ್ರೋಳಿಯ ಲೋಕಲ್‌ನಲ್ಲಿ ನೇತಾಡಿಕೊಂಡು, ನನ್ನ ಹತ್ತಿರ ಜಗಳವಾಡಿಕೊಂಡು, ಕಲ್ಲುಗುಂಡಿನ ಹಾಗೆ ನಿಂತಿದೆ ಈ ಮನುಷ್ಯ! ಮಂಗಳೂರಿನವರು ಬೆರಳು ಮಡಚಿದರು. "ಅಂದ್ರೆ ಅಣ್ಣ, ನೀವು ಈವರೆಗೆ ಇಪ್ಪತ್ತು ಸಲ ಸತ್ತಿದ್ದೀರಿ." ಮೂವರೂ ನಕ್ಕೆವು. ನಾನು ನಕ್ಕದ್ದು ಎಷ್ಟೆಂದರೆ ಮೂರನೆಯ ಮಾಳಿಗೆಯ ಗುಜರಾತಿ ಬೆನ್ ಏನಾಯಿತೆಂದು ಕೇಳಲು ಮೇಲೆ ಓಡಿ ಬಂದರು. ಬಂದವರನ್ನೂ ಬಿಡಲಿಲ್ಲ. ಅವರಿಗೂ ಬರಿಗಣ್ಣಿಗೆ ಕಾಣಲಿಲ್ಲ. ಮರುದಿನ ಸಂಜೆ ಬಿಲ್ಡಿಂಗಿನ ನಲವತ್ತು ದಾಟಿದವರನ್ನೆಲ್ಲ ಟೆರೇಸಿಗೆ ಹತ್ತಿಸಿ ನಿಲ್ಲಿಸಿದೆ; ಅರ್ಧಕ್ಕರ್ಧ ಮಂದಿ ವಸಿಷ್ಠನನ್ನು ಒಂಟಿ ಮಾಡಿಬಿಟ್ಟರು. ಅವ್ವನ ಮಾತು ಖರೆಯಾಗಿದ್ದರೆ ಮುಲುಂಡ್ ಸ್ಟೇಷನ್ನಿನಲ್ಲಿ ದೀಪಾವಳಿಯ ಹೊತ್ತಿಗೆ ಟಿಕೆಟು ಕೊಡುವವರೂ ಉಳಿಯುತ್ತಿರಲಿಲ್ಲ.

ಅವತ್ತು ರಾತ್ರಿ ಊಟಕ್ಕೆ ಬಡಿಸುವಾಗ ಇವರನ್ನು ಕೇಳಿದೆ, ಅಷ್ಟು ವರ್ಷ ಯಾಕೆ ಸುಳ್ಳು ಹೇಳಿದಿರಿ ಎಂದು.

"ಖರೇ ಹೇಳಿದ್ರ ನೀ ಏನ ಮಾಡತಿದ್ದಿ? ಸೋಮವಾರಕ್ಕೊಂದು ಉಪಾಸ, ಶನಿವಾರಕ್ಕೊಂದು ಉಪಾಸ. ನನಗ ಬರೇ ಗಂಜಿ."

"ನಿಮಗ ಹೆದರಿಕಿ ಆಗಲಿಲ್ಲೇನು ಆಗ?"

"ಆಗಿತ್ತು. ಮೊದಲಿನ ಆರ ತಿಂಗಳ ಆಗಿತ್ತು. ಅದಕ್ಕ ಹೊಲಿಗಿ ಮಷೀನ ತಂದಿದ್ದೆ."

ನಾನು ಮೂಲೆಯಲ್ಲಿದ್ದ ಮಷೀನಿನ ಕಡೆ ನೋಡಿದೆ. ಹತ್ತು ವರ್ಷದ ಹಿಂದೆ, ಕೇಳದೆ, ಹೇಳದೆ, ಹಮಾಲನ ತಲೆಯ ಮೇಲೆ ಹೊರಿಸಿಕೊಂಡು ಬಂದು, "ಕಲಿ, ಸುಮ್ಮನ ಕೂಡಬ್ಯಾಡ" ಎಂದು ಗದರಿಸಿದ್ದರು. ನಾನು ಆ ಗದರಿಕೆಗೆ ಎರಡು ದಿನ ಮಾತು ಬಿಟ್ಟಿದ್ದೆ. ಮಗಳ ಫ್ರಾಕುಗಳು, ಬಿಲ್ಡಿಂಗಿನ ಹೆಂಗಸರ ಜಂಪರುಗಳು, ಎಲ್ಲ ಅದರ ಮೇಲೆಯೇ ಹೊಲಿದಿದ್ದೆ. ತಮ್ಮ ಹಿಂದೆ ನನಗೊಂದು ದಾ‌ರಿ ಇರಲಿ ಎಂದು ತಂದದ್ದು ಅದು ಎಂದು ಹತ್ತು ವರ್ಷ ನನಗೆ ಗೊತ್ತಿರಲಿಲ್ಲ.

ಇವರು ನನ್ನನ್ನೇ ನೋಡುತ್ತಿದ್ದರು. "ಹಂಗಾರ ನಾಕ ರವಿವಾರ ನನ್ನ ಕಡಿಂದ ದಿಂಬಿಗೆ ಎರಿಸಿದ್ದು..."

"ಹೂಂ," ಎಂದೆ.

ಇವರು ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡರು. ಹಸಿವಿರಲಿಲ್ಲ, ಗೊತ್ತಾಗುತ್ತಿತ್ತು.

ಐದನೆಯ ದಿನಕ್ಕೆ ಮಳೆ ಹಿಡಿಯಿತು. ಜೂನ್, ಜುಲೈ, ಆಗಸ್ಟ್ ಆಕಾಶವೇ ಇಲ್ಲ. ಬಿಡುವು ಸಿಕ್ಕಾಗ ನಾನು ಎರಡನೆಯ ಮಾಳಿಗೆಗೆ ಇಳಿದು ಮಂಗಳೂರಿನವರ ನೋಟುಬುಕ್ ನೋಡುತ್ತಿದ್ದೆ. ಬದಲಿಗೆ ಅವರಿಗೆ ಸಂಡಿಗೆ ಕರಿದು ಕೊಡುತ್ತಿದ್ದೆ. ತುಳಿದಿದ್ದ ಸಂಡಿಗೆಯನ್ನೂ ಬಿಸಾಡಿರಲಿಲ್ಲ, ಅದನ್ನೇ ಮೊದಲು ಕರಿದುಕೊಟ್ಟೆ. ಗಣಪತಿ ಹಬ್ಬ ಮುಗಿದ ಮೇಲೆ ಮಗಳು ಬಂದಳು, ಮುಂದೆ ಹೊಟ್ಟೆ, ಹಿಂದೆ ಟ್ರಂಕು. ಅವಳನ್ನು ಕಂಡ ಖುಷಿಗೆ ಸ್ಟೇಷನ್ನಿನಲ್ಲೇ ಅವಳ ಹೊಟ್ಟೆಯ ಹತ್ತಿರ ಬಾಗಿ ಮಾತಾಡಿದೆ. "ಅವ್ವಾ, ಮಂದಿ ನೋಡಾಕತ್ತಾರ!" ಎಂದಳು. ನೋಡಲಿ.

ಆದರೆ ಸುಳ್ಳೇಕೆ ಹೇಳಲಿ, ಒಂದು ಚೂರು ಹೆದರಿಕೆ ತಳದಲ್ಲಿ ಉಳಿದೇ ಇತ್ತು. ಇವರದು ಗಟ್ಟಿ ಜೀವ. ಯಮ ಇವರನ್ನು ಮರೆತಿರಬಹುದು. ನನ್ನನ್ನೂ ಮರೆಯಬೇಕೆಂದು ಎಲ್ಲಿದೆ? ಅಕ್ಟೋಬರ್ ಬಂತು. ಮೋಡ ಸರಿಯಿತು. ಮದುವೆಯ ದಿನದಿಂದ ಸರಿಯಾಗಿ ಆರು ತಿಂಗಳು ತುಂಬುವ ಸಂಜೆ ನಾನು ಬೇಗ ಅಡಿಗೆ ಮುಗಿಸಿ, ತಲೆಗೆ ಎಣ್ಣೆ ಹಾಕಿ ಬಾಚಿ, ಇಸ್ತ್ರಿ ಮಾಡಿದ ಸೀರೆ ಉಟ್ಟು ಟೆರೇಸಿಗೆ ಹತ್ತಿದೆ. ಬರುವುದಾದರೆ ಅಲ್ಲೇ ಬರಲಿ. ಮಂಗಳೂರಿನವರಿಗೆ ದಿನ ನೆನಪಿತ್ತು. ಏಣಿಯ ಕೆಳಗೆ ಚಾಪೆ ಹಾಸಿಟ್ಟಿದ್ದರು.

"ಇವತ್ತಿಂದು ತಲೆ ಮೇಲೆಯೇ ಉಂಟು ಅಕ್ಕ. ಮಲಗಿ ನೋಡ್ಬೇಕು."

ಮಲಗಿದೆ. ಮಗಳು ದಿಂಬು ಒತ್ತಿಕೊಂಡು ಪಕ್ಕದಲ್ಲಿ ಕೂತಳು. ಹಂಸದ ಕೊಕ್ಕಿನ ನಕ್ಷತ್ರವಂತೆ. ಬರಿಗಣ್ಣಿಗೆ ಸಾಧಾರಣ ಒಂದು ಚುಕ್ಕೆ. ಎಡಗಣ್ಣಿನ ಬಳೆ ತಿರುಗಿಸಿದೆ, ಬಲಗಣ್ಣಿನ ಬಳೆ ತಿರುಗಿಸಿದೆ, ಲೋಕಲ್ ಹೋಗಲು ಕಾದೆ. ಚುಕ್ಕೆ ಬಿಡಿಸಿಕೊಂಡಿತು. ಒಂದು ಬೆಲ್ಲದ ಪಾಕದ ಬಣ್ಣ, ಹೊನ್ನು ಹೊನ್ನು. ಅದರ ಪಕ್ಕದ ಸಣ್ಣದು ನೀಲಿ! ನಕ್ಷತ್ರಕ್ಕೆ ಬಣ್ಣವಿರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ನಲವತ್ತೆಂಟು ವರ್ಷ ಎಲ್ಲ ಬಿಳಿ ಎಂದುಕೊಂಡು ಬದುಕಿದ್ದೆ. "ಏ ನೋಡ ಬಾರೇ, ನೀಲಿ ಅದ! ನೀಲಿ!" ಎಂದು ಮಗಳನ್ನು ಎಳೆದೆ. ಎಂಟು ತಿಂಗಳ ಹೊಟ್ಟೆ ಹೊತ್ತು ಅವಳು ಚಾಪೆಯ ಮೇಲೆ ಹೊರಳಿ ಮಲಗುವಷ್ಟರಲ್ಲಿ ಮೂವರಿಗೂ ಬೆವರು. ಅವಳು ಕಣ್ಣಿಟ್ಟಳು. "ಅಯ್ಯ, ಹೌದಲ್ಲ!" ಎಂದಳು, ತಕ್ಷಣ ಹೊಟ್ಟೆ ಹಿಡಿದುಕೊಂಡಳು. "ಒದೀತವ್ವಾ!"

ಎಷ್ಟು ಹೊತ್ತು ಹಾಗೇ ಮಲಗಿದ್ದೆವೋ. ಕೆಳಗಿನಿಂದ ಇವರು "ಇವತ್ತ ಊಟ ಅದನೋ, ಇಲ್ಲಾ ಬರೇ ಚುಕ್ಕಿನೋ?" ಎಂದು ಕೂಗಿದರು. ಎದ್ದು ಕೂತಾಗ ನೆನಪಾಯಿತು, ನಾನು ಯಾವುದಕ್ಕಾಗಿ ಮೇಲೆ ಬಂದಿದ್ದೆನೆಂದು. ಮರೆತೇಬಿಟ್ಟಿದ್ದೆ! ಮರುದಿನ ಬೆಳಿಗ್ಗೆ ಕಣ್ಣು ಬಿಟ್ಟಾಗ ಹಾಲಿನ ಭೈಯಾ ಬಾಗಿಲು ಬಡಿಯುತ್ತಿದ್ದ. ಎದ್ದು ಹಾಲು ತಗೊಂಡೆ. ಅಷ್ಟೇ.

ನವೆಂಬರಿನ ಕೊನೆಯ ವಾರ, ಮಧ್ಯಾಹ್ನ ಮೂರಕ್ಕೆ, ಹೆಣ್ಣು ಕೂಸು. ಆಸ್ಪತ್ರೆಯ ವರಾಂಡದಲ್ಲಿ ನರ್ಸು ಬಟ್ಟೆಯಲ್ಲಿ ಸುತ್ತಿದ ಗಂಟೊಂದನ್ನು ತಂದು ನನ್ನ ಕೈಗೆ ಹಾಕಿದಳು. ಬೆಚ್ಚಗಿತ್ತು. ಮೂಗು ಇನ್ನೂ ಕೂತಿರಲಿಲ್ಲ, ಹಣೆ ತುಂಬ ಸುಕ್ಕು, ಹುಟ್ಟಿದ ಕೂಡಲೇ ಯಾರ ಮೇಲೋ ಸಿಟ್ಟು. ನನ್ನ ಬೆರಳು ಹಿಡಿದುಕೊಂಡಿತು. ಬಿಡಲಿಲ್ಲ. ಹಾಗೇ ಎತ್ತಿಕೊಂಡು ವಾರ್ಡಿನೊಳಗೆ ಹೋದೆ. ಹಾಸಿಗೆಯ ಮೇಲೆ ಮಗಳು ದಣಿದು ನಗುತ್ತಿದ್ದಳು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ, ವಾರ್ಡಿನ ಆಯಾ "ಆಜಿ, ಆವಾಜ್ ಕಮ್ಮಿ" ಎಂದು ಗದರಿದಳು.

ಇನ್ನೊಂದು ತಿಂಗಳು ಸಿಕ್ಕರೆ ಸಾಕು ಎಂದು ಲೋಕಲ್‌ನಲ್ಲಿ ಬೆರಳು ಎಣಿಸಿದವಳು ನಾನೇನಾ? ಆ ಬೆರಳು ಕೂಸಿನ ಮುಷ್ಟಿಯಲ್ಲಿತ್ತು, ನನ್ನ ಆಸೆಗೆ ಲಗಾಮಿರಲಿಲ್ಲ.

"ಇಕಿ ಬಾಣಂತನಾನೂ ನಾನ ಮಾಡಾಕಿ," ಎಂದೆ. "ಈಗ ಹೇಳಿರತೀನಿ. ಇಕಿ ಅತ್ತಿ ಇರಲಿ, ಯಾರ ಇರಲಿ, ಕೊಡೂದಿಲ್ಲ. ನಾನ."

ಕೂಸು ಹುಟ್ಟಿ ಒಂದು ತಾಸಾಗಿತ್ತು.

ಮಗಳು ಹಾಸಿಗೆಯಿಂದಲೇ, "ಅವ್ವಾ, ನಂದರ ಮೊದಲ ಮುಗಸ" ಎಂದಳು.

ನಮ್ಮ ಯಜಮಾನರು ನನ್ನ ಹೆಗಲ ಮೇಲಿಂದ ಬಾಗಿ, ಗಂಟಿನೊಳಗೆ ಇಣುಕಿ, ಬಹಳ ಹೊತ್ತು ನೋಡಿದರು. "ಏ, ತಡೀ," ಎಂದರು. "ಅದು ಇನ್ನೂ ಕಣ್ಣರ ತೆರೀಲಿ."